ಕುಸುಬಿ ಎಣ್ಣೆ ಕುಡಿದ ಗಾಡಿ

ಯರಗಟ್ಟಿ ಪೇಟೆಯವರಿಗೆ ಅಂದಾನೆಪ್ಪ ಬರುವ ಮೊದಲು ಅವನ ಹೊಗೆ ಕಾಣುತ್ತಿತ್ತು. ಸಿರಸಂಗಿಯ ಕಡೆಯಿಂದ ಕರಿಯ ಮೋಡವೊಂದು ನೆಲ ಹಿಡಿದು ಬರುವುದು, ಆಮೇಲೆ ಸದ್ದು, ಆಮೇಲೆ ಗಾಡಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಲಿಲಾವಿನಲ್ಲಿ ಕೂಗಿ ಮಾರಿದ್ದ ಪಿಕಪ್ ಅದು. ಮುಂದೆ ಇಬ್ಬರು ಕೂಡುವ ಜಾಗ, ಹಿಂದೆ ಹತ್ತಿ ಹೇರಲು ತೆರೆದ ಪೆಟ್ಟಿಗೆ.

ಅಂದಾನೆಪ್ಪ ಮೀಸೆ ಮೂಡುವ ಮೊದಲೇ ಬೈಲಹೊಂಗಲದ ಒಂದು ಹತ್ತಿ ಜಿನ್ನಿನ ಕಾರ್ಖಾನೆಗೆ ಸೇರಿ, ಅಲ್ಲಿಯ ದೊಡ್ಡ ಎಂಜಿನ್ನಿನ ಪಕ್ಕದಲ್ಲೇ ಬೆಳೆದವನು. ಅವನ ಅಣ್ಣ ಪರಪ್ಪ ಸಿರಸಂಗಿಯಲ್ಲಿ ಹೊಲ ಮಾಡಿಕೊಂಡಿದ್ದ. ಅಣ್ಣತಮ್ಮಂದಿರದು ಒಂದೇ ಒಲೆ, ಒಂದೇ ಜೋಡಿ ಎತ್ತು. ಜಿನ್ನಿನ ಕೆಲಸ ಬಿಟ್ಟು ಅಂದಾನೆಪ್ಪ ಪಿಕಪ್ ತಂದಾಗ ಅದರಲ್ಲಿದ್ದದ್ದು ಪೆಟ್ರೋಲ್ ಎಂಜಿನ್. ದುಡಿದದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತಿತ್ತು. ಆಗ ಬೆಳಗಾವಿಯ ಹಳೆ ಕಬ್ಬಿಣದ ಮೋಡಕಾ ಅಂಗಡಿಯಲ್ಲಿ, ಕಂದಕಕ್ಕೆ ಬಿದ್ದ ಬಸ್ಸೊಂದರ ಡೀಸೆಲ್ ಎಂಜಿನ್ ಅವನ ಕಣ್ಣಿಗೆ ಬಿತ್ತು. ಅದನ್ನು ಕೊಳ್ಳಲು ಮನೆಯಲ್ಲಿ ಇದ್ದದ್ದು ಎತ್ತಿನ ಜೋಡಿ ಮಾತ್ರ.

ಪರಪ್ಪನ ಹೆಂಡತಿ ಸೋಮವ್ವ ಕೇಳಿದಳು, "ಎತ್ತ ಮಾರಿ ಬಿತ್ತೂದು ಹ್ಯಾಂಗ, ಮೈದುನಾ? ನಿನ್ನ ಗಾಡಿಗೆ ಕೂರಿಗಿ ಕಟ್ಟತೀ ಏನು?"

"ಮಳಿಗಾಲದ ಹೊತ್ತಿಗೆ ಬ್ಯಾರೆ ಜೋಡಿ ತರತೇನಿ ವೈನಿ. ಹತ್ತಿ ಸುಗ್ಗಿ ಒಂದ ಮುಗೀಲಿ."

ಪರಪ್ಪ ಮರುದಿನ ಬೆಳಿಗ್ಗೆ ಎದ್ದು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ತಾನೇ ಹೊಡೆದುಕೊಂಡು ಸಂತೆಗೆ ಹೋದ. ಅಂದಿನಿಂದ ಆ ಮನೆಯ ಬಾಳು ಒಂದೇ ಮಾತಿನ ಮೇಲೆ ನಿಂತಿತು: ಮಳೆ ಬೀಳುವುದರೊಳಗೆ ಕೊಟ್ಟಿಗೆಗೆ ಎತ್ತು ಬರಬೇಕು.

ಬಸ್ಸಿನ ಎಂಜಿನ್ ಪಿಕಪ್ಪಿನ ಎದೆಗೂಡಿನಲ್ಲಿ ಹಿಡಿಸಲಿಲ್ಲ. ಅಂದಾನೆಪ್ಪ ಮುಂದಿನ ತಗಡು ಕತ್ತರಿಸಿದ, ರೇಡಿಯೇಟರನ್ನು ಮೂತಿಯ ಹೊರಗೆ ತಂದು ಕೂರಿಸಿದ. ಊರ ಕಮ್ಮಾರ ದುರ್ಗಪ್ಪ ಚಕ್ಕಡಿ ಗಾಲಿಯ ಹಳಿಗಳನ್ನು ಕಾಯಿಸಿ ಬಗ್ಗಿಸಿ, ಎಂಜಿನ್ ಕೂಡಲು ಕಾಲು ಮಾಡಿಕೊಟ್ಟ. "ನನ್ನ ಹಳಿ ಮ್ಯಾಲೆ ಕುಂತೈತಿ. ಚಕ್ಕಡಿ ಬುದ್ಧಿ ಬಂದು ನಡುದಾರ್‍ಯಾಗ ಮೇಯಾಕ ನಿಂತೀತು, ನೋಡಪಾ," ಎಂದು ನಕ್ಕ. ಮೊದಲ ಸಲ ಎಂಜಿನ್ ಚಾಲೂ ಆದಾಗ ಓಣಿಯ ಕೋಳಿಗಳೆಲ್ಲ ಮಾಳಿಗೆ ಏರಿದವು. ಪರಪ್ಪ ಮೂತಿಯ ತಗಡಿಗೆ ವಿಭೂತಿ ಬಳಿದ. ಅವನದು ಒಂದೇ ಕರಾರು, ಸೋಮವಾರ ಗಾಡಿ ಹೊರಡಕೂಡದು. ಎತ್ತಿಗೆ ಆ ದಿನ ನೊಗ ಹೂಡುವುದಿಲ್ಲ, ಇದಕ್ಕೂ ಹೂಡಬಾರದು.

ಗಾಡಿ ಬಯಲಲ್ಲಿ ಚೆನ್ನಾಗಿ ಓಡಿತು. ಬೈಲಹೊಂಗಲದ ಜಿನ್ನಿಗೆ ಹೋಗುವ ದಾರಿಯಲ್ಲಿ, ಮುರಗೋಡ ದಾಟಿದ ಮೇಲಿನ ಏರಿನಲ್ಲಿ ಮಾತ್ರ ತುಂಬಿದ ಹೇರು ಎಳೆಯಲಾರದೆ ಏದುಸಿರು ಬಿಡುತ್ತಿತ್ತು. ಚಕ್ಕಡಿಯವರು ಅದನ್ನು ಹಿಂದೆ ಹಾಕಿ ಹೋಗುವರು. ಅವರಲ್ಲಿ ಅಮೋಘಸಿದ್ದಪ್ಪನೆಂಬವನು ಬಲು ಚೇಷ್ಟೆಯವನು.

"ಏ ಅಂದಾನೆಪ್ಪಾ, ಹಗ್ಗಾ ಒಗೀಲೇನು? ನನ್ನ ಎಡಗೋಲ ಎತ್ತ ಒಂದ ಸಾಕು ನಿನ್ನ ಕಬ್ಬಿಣಕ್ಕ!"

"ನಿನ್ನ ಎತ್ತಿಗೆ ಮೊದಲ ಹೊಟ್ಟಿ ತುಂಬ ಹಾಕು, ಎಲಬು ಎಣಸಾಕ ಬರತಾವು," ಎಂದು ಅಂದಾನೆಪ್ಪ ತಿರುಗಿ ಕೂಗಿದ. ಆದರೆ ಆ ಚೇಷ್ಟೆ ಅವನಿಗೆ ನಾಟಿತು.

ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪಿನ ಮೇಲೆ ಒಂದು ಸ್ಕ್ರೂ ಇತ್ತು. ಅದನ್ನು ಯಾರೂ ತಿರುಗಿಸಬಾರದೆಂದು ತಂತಿ ಕಟ್ಟಿ ಸೀಸದ ಮುದ್ರೆ ಒತ್ತಿದ್ದರು. ಅಂದಾನೆಪ್ಪ ಆ ತಂತಿ ಕತ್ತರಿಸಿ ಸ್ಕ್ರೂ ತಿರುಗಿಸಿದ. ಡೀಸೆಲ್ ಹೆಚ್ಚು ಇಳಿಯಿತು, ಬಲ ಹೆಚ್ಚಿತು. ಕರಿ ಹೊಗೆ ಹುಟ್ಟಿದ್ದು ಅಂದಿನಿಂದಲೇ. ಮರುದಿನ ಅದೇ ಏರಿನಲ್ಲಿ ಅವನು ಅಮೋಘಸಿದ್ದಪ್ಪನ ಚಕ್ಕಡಿಯನ್ನು ಹೊಗೆಯಲ್ಲಿ ಮುಳುಗಿಸಿ ಮುಂದೆ ಹೋದ. "ನನ್ನ ಹೋರಿ ಎರಡೂ ಕರ್ರಗ ಆದ್ವಲ್ಲೋ!" ಎಂದು ಅಮೋಘಸಿದ್ದಪ್ಪ ಹಿಂದಿನಿಂದ ಕೂಗುತ್ತಿದ್ದ. ಹೇರು ತಾವಾಗಿಯೇ ಹುಡುಕಿಕೊಂಡು ಬಂದವು. ಯರಗಟ್ಟಿಯ ದಲಾಲರು ಮೊದಲು ಅವನನ್ನು ಕೇಳತೊಡಗಿದರು. ಸೋಮವ್ವ ಕೊಟ್ಟಿಗೆಯ ನೆಲ ಸಾರಿಸಿ, ಹೊಸ ಗೂಟ ಬಡಿಸಿದಳು.

ಆದರೆ ಎಂಜಿನ್ ವಿಪರೀತ ಕಾಯುತ್ತಿತ್ತು. ಬೇಸಿಗೆ ಏರಿದಂತೆ ಒಳಗಿನಿಂದ ಟಕಟಕ ಸದ್ದು ಕೇಳತೊಡಗಿತು. ಒಳಗೆ ಹಾಕುವ ಎಂಜಿನ್ ಎಣ್ಣೆ ಕಾದು ನೀರಾಗಿ, ಬೇರಿಂಗುಗಳು ತಿಕ್ಕುತ್ತಿದ್ದವು. ಎಣ್ಣೆ ಬದಲಾಯಿಸಲೇಬೇಕಿತ್ತು. ಬೈಲಹೊಂಗಲದಲ್ಲಿ ಅದು ಮುಗಿದಿತ್ತು, ಬೆಳಗಾವಿಯಿಂದ ಬರುವುದು ಯಾವಾಗಲೋ ಗೊತ್ತಿರಲಿಲ್ಲ. ಹೊಲದಲ್ಲಿ ಬಿಡಿಸಿದ ಹತ್ತಿಯ ರಾಶಿ ಬಿದ್ದಿತ್ತು, ಸುಗ್ಗಿ ಮುಗಿಯುತ್ತ ಬಂದಿತ್ತು.

ಪರಪ್ಪ ಗಾಡಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಬಹಳ ಹೊತ್ತು ಆ ಸದ್ದು ಕೇಳಿದ. "ದಣದೈತಿ ತಮ್ಮಾ, ಇದು. ಎತ್ತು ದಣದಾಗ ನಾವೇನ ಮಾಡತೀವಿ? ಗೊಟ್ಟದಾಗ ಕುಸುಬಿ ಎಣ್ಣಿ ಕುಡಸ್ತೀವಿ. ಮನ್ಯಾಗ ಗಾಣದ ಎಣ್ಣಿ ಐತಿ."

"ಜಿನ್ನಿನಾಗ ಒಮ್ಮೊಮ್ಮೆ ಔಡಲ ಎಣ್ಣಿ ಹಾಕತಿದ್ರು ಅಣ್ಣಾ. ಕುಸುಬಿದು ನಾ ಕಂಡಿಲ್ಲ."

"ಔಡಲಕಿಂತ ಕುಸುಬಿ ತಂಪು. ಒಳಗಿನ ಕಾವು ಇಳಸ್ತೈತಿ."

ಅಂದಾನೆಪ್ಪ ಇನ್ನೂ ಅನುಮಾನಿಸುತ್ತಿದ್ದ. ಅಣ್ಣ ಆಗಲೇ ಡಬ್ಬಿ ತಂದು, ತನ್ನ ಧೋತರದ ಚುಂಗಿನಲ್ಲಿ ಎಣ್ಣೆ ಸೋಸುತ್ತಿದ್ದ. ಹಳೆಯ ಎಣ್ಣೆ ಇಳಿಸಿದ ಮೇಲೆ ಕೈ ಮುಗಿದು, ಗೊಟ್ಟ ಹಾಕುವ ಬಿದಿರ ನಳಿಗೆಯಿಂದಲೇ ಹನಿ ಚೆಲ್ಲದಂತೆ ಸುರಿದ. ಎಂಜಿನ್ ಚಾಲೂ ಮಾಡಿದಾಗ ಟಕಟಕ ಸದ್ದು ನಿಂತಿತ್ತು. ಪರಪ್ಪ ತಮ್ಮನ ಬೆನ್ನ ಮೇಲೊಂದು ಗುದ್ದಿ ಮಗುವಿನಂತೆ ನಕ್ಕ.

ವಾರವಿಡೀ ಗಾಡಿ ಮೆತ್ತಗೆ ಓಡಿತು. ಸೋಮವಾರ ಬಂದಾಗ ಎಂದಿನಂತೆ ಬೇವಿನ ನೆರಳಿನಲ್ಲಿ ನಿಲ್ಲಿಸಿದರು. ಮಂಗಳವಾರ ಎಂಜಿನ್ ತಿರುಗಿಸಲು ಹ್ಯಾಂಡಲಿಗೆ ಇಬ್ಬರು ಬಿದ್ದರೂ ಬಿಗಿಯಾಗಿತ್ತು. ಇಳಿಜಾರಿಗೆ ನೂಕಿ ಚಾಲೂ ಮಾಡಿದರು. ತುಂಬಿದ ಹೇರಿನೊಡನೆ ಮುರಗೋಡದ ಏರನ್ನು ಅರ್ಧ ಏರಿದಾಗ ಒಳಗೆ ಕಬ್ಬಿಣ ಕಬ್ಬಿಣವನ್ನು ಕಡಿದಂತೆ ಒಂದು ಸದ್ದಾಯಿತು. ಗಾಡಿ ನಿಂತೇಬಿಟ್ಟಿತು.

ಅದನ್ನು ಊರಿಗೆ ಎಳೆದು ತಂದದ್ದು ಅಮೋಘಸಿದ್ದಪ್ಪನ ಎತ್ತುಗಳು. ಆ ದಿನ ಅವನು ಒಂದು ಚೇಷ್ಟೆಯ ಮಾತೂ ಆಡಲಿಲ್ಲ.

ಬೇವಿನ ಕೆಳಗೆ ಅಂದಾನೆಪ್ಪನೂ ದುರ್ಗಪ್ಪನೂ ಎಂಜಿನ್ನಿನ ತಳ ಬಿಚ್ಚಿದರು. ಎಣ್ಣೆ ಹನಿಯಲಿಲ್ಲ. ಕಂದು ಬಣ್ಣದ, ತೊಗಲಿನಂಥ ಪದರವೊಂದು ತಳಕ್ಕೆ ಅಂಟಿಕೊಂಡಿತ್ತು. ಎಣ್ಣೆ ಹಾಯುವ ಸಣ್ಣ ತೂತುಗಳೆಲ್ಲ ಅದರಿಂದಲೇ ಮುಚ್ಚಿದ್ದವು. ದುರ್ಗಪ್ಪ ಉಗುರಿನಿಂದ ಕೆರೆದು ಮೂಸಿ ನೋಡಿದ.

"ಇದು ಬಾನಿಗೆ ಹಚ್ಚೂ ರೋಗಣ ಆಗೇತಲ್ಲೋ," ಎಂದ.

ಬಾವಿಯಿಂದ ನೀರೆತ್ತುವ ತೊಗಲ ಬಾನಿ ಸೋರಬಾರದೆಂದು ಆ ಸೀಮೆಯವರು ಕುಸುಬಿ ಎಣ್ಣೆಯನ್ನು ಕುದಿಸಿ ರೋಗಣ ಮಾಡಿ ಸವರುತ್ತಾರೆ. ಕಾದ ಕುಸುಬಿ ಗಾಳಿಗೆ ಬಿಗಿದು ಗಟ್ಟಿಯಾಗುತ್ತದೆ. ಊರಿನಲ್ಲಿ ಇದನ್ನು ಅರಿಯದವರಿರಲಿಲ್ಲ. ಪರಪ್ಪ ಸ್ವತಃ ಎಷ್ಟೋ ಬಾನಿಗಳಿಗೆ ಸವರಿದ್ದ. ಎಣ್ಣೆ ಸುರಿಯುವಾಗ ಅವನಿಗೆ ಎತ್ತು ನೆನಪಾಗಿತ್ತು, ಬಾನಿ ನೆನಪಾಗಲಿಲ್ಲ.

ಅವನು ಅಲ್ಲೇ ನಿಂತಿದ್ದ. ಅಂದಾನೆಪ್ಪ ಗಡಿಬಿಡಿಯಿಂದ ಹೇಳಿದ, "ಎಣ್ಣಿದೇನೂ ಅಲ್ಲಣ್ಣಾ. ಪಂಪಿನ ಮುದ್ರಿ ಒಡದಾಂವ ನಾನು. ಅಷ್ಟು ಕಾವು ಏರಿಸಿದ್ದು ನಾನು."

"ಸುಳ್ಳ ಹೇಳಬ್ಯಾಡ ತಮ್ಮಾ. ನಾ ನನ್ನ ಕೈಯಾರ ಕುಡಿಸೇನಿ."

ಅವನು ಹೇಳಿದ್ದು ಅರ್ಧ ನಿಜ, ತಮ್ಮ ಹೇಳಿದ್ದೂ ಅರ್ಧ ನಿಜ. ಎರಡೂ ಕೂಡಿಯೇ ಎಂಜಿನ್ನನ್ನು ಕೊಂದಿದ್ದವು. ಇದನ್ನು ಅಂದಾನೆಪ್ಪ ಎಷ್ಟು ಸಲ ಬಿಡಿಸಿ ಹೇಳಿದರೂ ಪರಪ್ಪ ಕೇಳಿಸಿಕೊಳ್ಳಲಿಲ್ಲ.

ಅಂದಾನೆಪ್ಪ ಸೋಲೊಪ್ಪಲಿಲ್ಲ. ಭಾಗಗಳನ್ನು ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿದ, ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸಿದ, ಜಿನ್ನಿನ ಗೆಳೆಯರಿಂದ ಬೇರಿಂಗಿನ ಲೋಹ ತಂದು ದುರ್ಗಪ್ಪನ ಕುಲುಮೆಯಲ್ಲಿ ಕರಗಿಸಿ ಎರೆದ. ಮುಗಿಲು ಕಪ್ಪಾಗುತ್ತಿರುವಾಗ ಎಂಜಿನ್ ಮತ್ತೆ ಚಾಲೂ ಆಯಿತು. ಸೋಮವ್ವ ಬಾಗಿಲಿಗೆ ಓಡಿ ಬಂದಳು. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಒಳಗೆ ತಿರುಗುವ ಕ್ರ್ಯಾಂಕು ದಂಡ ಎರಡು ತುಂಡಾಯಿತು. ಎಂಜಿನ್ ಬಿಗಿದು ನಿಂತ ದಿನವೇ ಅದರಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಅದು ಬೆಸುಗೆಗೆ ಕೂಡುವ ವಸ್ತುವಲ್ಲ. ಎತ್ತಿಗೆಂದು ಕೂಡಿಟ್ಟ ದುಡ್ಡೂ ದುರಸ್ತಿಯಲ್ಲೇ ಕರಗಿತ್ತು.

ಮಳೆ ಒಳ್ಳೆಯದೇ ಬಂತು. ಹದ ಒದಗಿದ ದಿನಗಳಲ್ಲಿ ಯಾರೂ ತಮ್ಮ ಎತ್ತನ್ನು ಬೇರೆಯವರಿಗೆ ಕೊಡುವುದಿಲ್ಲ, ಕೊಡಲೂ ಬಾರದು. ಅಮೋಘಸಿದ್ದಪ್ಪ ತನ್ನ ಬಿತ್ತನೆ ಮುಗಿಸಿ ಜೋಡಿ ಹೊಡೆದುಕೊಂಡು ಬಂದಾಗ ನೆಲ ಆರಿಹೋಗಿತ್ತು. ಬೆಳೆ ಕೈಗೆ ಬರಲಿಲ್ಲ, ಮರುವರ್ಷ ಹೊಲವನ್ನು ಗೇಣಿಗೆ ಕೊಡುವ ಲಾವಣಿಗೆ ಹಾಕಿದರು. ಹಿಡಿದವನು ಯರಗಟ್ಟಿಯ ಒಬ್ಬ ಅಡತಿ ವ್ಯಾಪಾರಿ. ಅವನಿಗೆ ಬೇಸಾಯ ಬಾರದು, ಆಳು ಬೇಕಿತ್ತು. ಆ ನೆಲದ ಗುಣ ಪರಪ್ಪನಷ್ಟು ಬಲ್ಲವರು ಯಾರಿದ್ದರು? ಅವನನ್ನೇ ಇಟ್ಟುಕೊಂಡ.

ಬಿತ್ತನೆಯ ದಿನ ಅಂದಾನೆಪ್ಪ ಅಣ್ಣನಿಗೆ ಬುತ್ತಿ ತೆಗೆದುಕೊಂಡು ಹೋದ. ಪರಪ್ಪ ಅಡತಿಯವನ ಎತ್ತುಗಳ ಹಿಂದೆ ಕೂರಿಗೆ ಹಿಡಿದಿದ್ದ. ಅವನ ಸಾಲು ಎಂದಿನಂತೆ ನೂಲು ಹಿಡಿದಂತಿತ್ತು. ಎತ್ತುಗಳ ಬಾಯಲ್ಲಿ ನೊರೆ ಇಳಿಯುತ್ತಿತ್ತು.

"ಒಂದೀಟ ನಿಂದರಸಣ್ಣಾ. ಎತ್ತು ದಣದಾವು."

"ಧಣಿ ನಿಂದರಸಂದಾಗ ನಿಂದರಸ್ತೇನಿ," ಎಂದ ಪರಪ್ಪ. "ಎತ್ತಿಂದು ನಾ ಹೇಳೂದ ಬಿಟ್ಟೇನಿ. ಬುತ್ತಿ ಬದುವಿನ ಮ್ಯಾಲೆ ಇಟ್ಟು ಹೋಗು. ಬಿತ್ತಿದ ಸಾಲು ತುಳೀಬ್ಯಾಡ."

ಅಂದಾನೆಪ್ಪ ಬುತ್ತಿಯನ್ನು ಬದುವಿನ ಮೇಲಿಟ್ಟು, ಹೊಲದ ಹೊರಗಿನಿಂದ ಬಳಸಿಕೊಂಡು ಊರಿಗೆ ನಡೆದ.