ರಾಶಿಯ ತಳಕ್ಕೆ ಕೈ

ರಾಶಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಟೊಮೇಟೊ ಆಗಲಿ, ಕಡಲೆಕಾಯಿ ಆಗಲಿ, ಮೇಲುಗಡೆ ಏನಿದೆ ಎಂದು ನಾನು ನೋಡುವುದೇ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತುತ್ತೇನೆ. ಸಂತೆಯಲ್ಲಿ ನನ್ನ ಹೆಂಡತಿ ಸುಶೀಲ ನನ್ನಿಂದ ನಾಲ್ಕು ಮಾರು ದೂರ ನಡೆಯುವುದಕ್ಕೆ ಇದೇ ಕಾರಣ. ನೆಂಟರ ಮದುವೆಯೊಂದರಲ್ಲಿ ಚಾಪೆಯ ಮೇಲೆ ಬಸಿದು ಹಾಕಿದ್ದ ಅನ್ನದ ರಾಶಿಗೂ ಕೈ ಹಾಕಿ ಸುಟ್ಟುಕೊಂಡ ಮೇಲೆ, ನಮ್ಮ ಬಳಗದಲ್ಲಿ ಯಾರೂ ನನ್ನನ್ನು ಅಡುಗೆ ಶಾಮಿಯಾನದ ಕಡೆಗೆ ಬಿಡುವುದಿಲ್ಲ.

ತಪ್ಪು ನನ್ನದಲ್ಲ, ಕಸುಬಿನದು. ನಾನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವನು, ನಮ್ಮ ಕಡೆ ರೀಲರ್ ಎನ್ನುತ್ತಾರೆ. ದಿನ ಬೆಳಗಾದರೆ ಗೂಡಿನ ಮಾರುಕಟ್ಟೆಗೆ ಹೋಗಬೇಕು, ರೈತರು ಸುರಿದಿಟ್ಟ ಗೂಡುಗಳ ಮುಂದೆ ನಿಲ್ಲಬೇಕು. ಮೇಲಿನ ಗೂಡು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಜಾಳು ಗೂಡು, ಕಲೆ ಬಿದ್ದ ಗೂಡು ಇದ್ದರೆ ಅವೆಲ್ಲ ತಳದಲ್ಲಿ ತಣ್ಣಗೆ ಮಲಗಿರುತ್ತವೆ. ಆದ್ದರಿಂದ ತಳದ ಗೂಡನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ಹುಳು ಗಟ್ಟಿಯಾಗಿದ್ದರೆ ಗಲಗಲ ಎನ್ನುತ್ತದೆ, ಕೊಳೆತಿದ್ದರೆ ಸದ್ದೇ ಇಲ್ಲ. ರೈತ ನನ್ನ ಕೈಯನ್ನೇ ಅನುಮಾನದಿಂದ ನೋಡುತ್ತಾನೆ, ನಾನು ಅವನ ರಾಶಿಯನ್ನು ಅನುಮಾನದಿಂದ ನೋಡುತ್ತೇನೆ, ಇಬ್ಬರೂ ಸೇರಿ ತಕ್ಕಡಿಯನ್ನು ಅನುಮಾನದಿಂದ ನೋಡುತ್ತೇವೆ. ಇಷ್ಟೆಲ್ಲ ಆದ ಮೇಲೆ ವ್ಯಾಪಾರ ಕುದುರುತ್ತದೆ. ಮೂವತ್ತು ವರ್ಷ ಹೀಗೆ ಬದುಕಿದವನು ಚನ್ನಪಟ್ಟಣದ ಬೊಂಬೆ ಕೊಂಡರೂ ತಲೆಕೆಳಗು ಮಾಡಿ ಬುಡದ ಬಣ್ಣ ನೋಡುವುದು ಸಹಜ.

ಇಂಥವನ ಮುಂದೆ ಮಗಳು ಶ್ವೇತ ಒಂದು ದಿನ ಬಂದು, ತನಗೊಬ್ಬ ಹುಡುಗ ಇಷ್ಟವಾಗಿದ್ದಾನೆ ಎಂದಳು. ಅವಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ತಲಕಾಡಿಗೆ ಹೋದಾಗ ಆ ಪ್ರವಾಸ ನಡೆಸಿದ ಹುಡುಗನಂತೆ. ಹೆಸರು ಮಾದೇಶ. ಕನಕಪುರದ ಆಚೆ ದೊಡ್ಡಆಲಹಳ್ಳಿಯವನು. ಭಾನುವಾರ ಭಾನುವಾರ ಬೆಂಗಳೂರಿನಿಂದ ಜನರನ್ನು ಟಿಟಿ ಗಾಡಿಯಲ್ಲಿ ಹತ್ತಿಸಿಕೊಂಡು, ತಲಕಾಡಿನ ಮರಳುಗುಡ್ಡ ತೋರಿಸಿ, ಊಟ ಹಾಕಿಸಿ, ಸಂಜೆಗೆ ವಾಪಸು ಬಿಡುತ್ತಾನಂತೆ. ತಾಯಿ ರೇಷ್ಮೆಹುಳು ಸಾಕುತ್ತಾರೆ, ಪ್ರವಾಸದ ದಿನ ಬಂದು ಅಡುಗೆ ನೋಡಿಕೊಳ್ಳುತ್ತಾರಂತೆ. ಇಷ್ಟು ಹೇಳಿ ಅವಳು, ‘ಅಪ್ಪ, ನೀವು ನೋಡಿ ಬೇಡ ಅಂದ್ರೆ ಬೇಡ. ಆದ್ರೆ ನೋಡ್ದೆ ಮಾತ್ರ ಬೇಡ ಅನ್ಬೇಡಿ’ ಎಂದಳು.

ಒಬ್ಬಳೇ ಮಗಳು. ಕೇಳಿದ್ದೆಲ್ಲ ಚೆನ್ನಾಗಿತ್ತು, ಅದೇ ನನ್ನ ಅನುಮಾನಕ್ಕೆ ಕಾರಣ. ಮಾತನ್ನೇ ಮಾರುವ ಹುಡುಗ ಮೇಲುಗಡೆ ಚೆನ್ನಾಗಿ ಕಾಣದೆ ಇನ್ನೇನು? ತಳ ನೋಡಬೇಕಲ್ಲ.

ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಹೆಣ್ಣು ಕೊಡುವ ಮೊದಲು ಹೆಣ್ಣಿನ ಕಡೆಯವರೊಬ್ಬರು ಹೆಗಲಿಗೆ ಟವಲು ಹಾಕಿಕೊಂಡು ಗಂಡಿನ ಊರಿಗೆ ಹೋಗುತ್ತಾರೆ. ಟೀ ಅಂಗಡಿಯಲ್ಲಿ ಕೂತು ತೆಂಗಿನಕಾಯಿ ರೇಟು ಕೇಳುತ್ತಾರೆ, ಮಳೆ ಬಂತೇ ಎನ್ನುತ್ತಾರೆ, ಕೊನೆಗೆ ಏನೂ ಗೊತ್ತಿಲ್ಲದವರ ಹಾಗೆ, ಆ ಮನೆಯವರು ಹೇಗೆ ಎಂದು ಕೇಳುತ್ತಾರೆ. ಅವರು ಯಾಕೆ ಬಂದಿದ್ದಾರೆಂದು ಟೀ ಆರುವುದರೊಳಗೆ ಇಡೀ ಊರಿಗೆ ಗೊತ್ತಾಗಿರುತ್ತದೆ. ಆದರೂ ಯಾರೂ ಬಾಯಿ ಬಿಡುವುದಿಲ್ಲ. ಹಳೆಯ ಕತೆಗಳಲ್ಲಿ ರಾಜರು ಮಾರುವೇಷ ಹಾಕಿಕೊಂಡು ಊರು ಸುತ್ತುತ್ತಿದ್ದರಂತೆ. ಕಾವಲುಗಾರನಿಗೆ ಗುರುತು ಹತ್ತಿತ್ತೋ ಇಲ್ಲವೋ ಎಂದು ಮಾತ್ರ ಯಾವ ಕತೆಯೂ ಹೇಳುವುದಿಲ್ಲ. ನನಗೆ ಇದರ ಬಗ್ಗೆಯೂ ಮೊದಲಿನಿಂದ ಅನುಮಾನ.

ಆದರೂ ನಾನೂ ವೇಷ ಹಾಕಿದೆ. ಕೂಟಗಲ್ಲಿನ ನಿವೃತ್ತ ಮೇಷ್ಟ್ರು ಶಿವಲಿಂಗೇಗೌಡ ಎಂದು ಹೇಳಿ, ನನಗೂ ಸುಶೀಲಳಿಗೂ ಎರಡು ಸೀಟು ಹಿಡಿದೆ. ಟಿಟಿ ರಾಮನಗರದ ಮೇಲೇ ಬರುತ್ತದೆ, ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ಅಲ್ಲಿ ಹತ್ತಿದರೆ ಯಾರಾದರೂ ನನ್ನ ಹೆಸರು ಹಿಡಿದು ಕೂಗಿಬಿಟ್ಟಾರು ಎಂದು ಬೆಳಗಿನ ಬಸ್ಸಿನಲ್ಲಿ ಕನಕಪುರಕ್ಕೆ ಹೋಗಿ ಅಲ್ಲಿ ಕಾದೆವು. ಮನೆಮುಂದೆ ಬರುವ ಗಾಡಿ ಹತ್ತಲು ಬೇರೆ ಊರಿಗೆ ಬಸ್ಸಿನಲ್ಲಿ ಬಂದ ಮಹಾನುಭಾವರು ಎಂದು ಸುಶೀಲ ದಾರಿಯುದ್ದಕ್ಕೂ ಗೊಣಗಿದಳು.

ಬಸ್ ಸ್ಟಾಂಡಿನಲ್ಲಿ ಪಕ್ಕದಲ್ಲೇ ಒಬ್ಬ ಹೆಂಗಸು ಪಾತ್ರೆಗಳನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಂಡು ನಿಂತಿದ್ದರು. ಗಾಡಿ ಬಂದಾಗ ಅದರಿಂದ ಇಳಿದ ಹುಡುಗ ಅವರನ್ನು ‘ಅವ್ವ’ ಎಂದಾಗ, ಇವರೇ ಮಾದೇಶನ ತಾಯಿ ಚಿಕ್ಕತಾಯಮ್ಮ ಎಂದು ತಿಳಿಯಿತು. ನಾನು ತಕ್ಷಣ ಮೇಷ್ಟ್ರ ಗತ್ತಿನಲ್ಲಿ ಕೆಮ್ಮಿದೆ.

ಸುಳ್ಳು ಹೇಳಬಾರದು, ಹುಡುಗನ ಮಾತು ಸೊಗಸಾಗಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ತೂಕಡಿಸುತ್ತಿದ್ದ ಬೆಂಗಳೂರಿನವರನ್ನೆಲ್ಲ ನಗಿಸಿ ಎಬ್ಬಿಸಿದ. ನನಗೆ ನಗು ಬಂದರೂ ತಡೆದುಕೊಂಡೆ. ಪಕ್ಕದ ಸೀಟಿನ ಪುಟ್ಟ ಹುಡುಗಿ ನಾನು ಯಾವ ಪಾಠದ ಮೇಷ್ಟ್ರು ಎಂದು ಕೇಳಿತು. ಗಣಿತ ಎಂದರೆ ಲೆಕ್ಕ ಕೇಳುತ್ತದೆ, ಕನ್ನಡ ಎಂದರೆ ವ್ಯಾಕರಣ ಕೇಳುತ್ತದೆ ಎಂದು ಯೋಚಿಸಿ, ಡ್ರಾಯಿಂಗ್ ಎಂದೆ. ಮಗು ಪೆನ್ನು, ಕಾಗದ ಕೊಟ್ಟು, ಆನೆ ಬರೆಯಿರಿ ಎಂದಿತು. ಕುಲುಕುವ ಗಾಡಿಯಲ್ಲಿ ಬೆವರಿಕೊಂಡು ಬರೆದೆ. ಅದು ತಿರುಗಿಸಿ ಮುರುಗಿಸಿ ನೋಡಿ, ‘ಹುಳು ಚೆನ್ನಾಗಿದೆ ಅಂಕಲ್’ ಎಂದಿತು. ಮುಂದಿನ ಸೀಟಿನಲ್ಲಿದ್ದ ಚಿಕ್ಕತಾಯಮ್ಮ ಒಮ್ಮೆ ತಿರುಗಿ ನೋಡಿದರು.

ತಲಕಾಡಿನಲ್ಲಿ ಇಳಿದ ಕೂಡಲೇ ನನ್ನ ಅನುಮಾನಗಳು ಒಂದೊಂದಾಗಿ ಎದ್ದವು. ಮೊದಲನೆಯದು ಚಪ್ಪಲಿ. ಎಲ್ಲರ ಚಪ್ಪಲಿಯನ್ನೂ ಗಾಡಿಯಲ್ಲೇ ಬಿಡಲು ಮಾದೇಶ ಹೇಳಿದ, ಇನ್ನೊಂದು ಕಡೆಯ ಬಾಗಿಲಿಗೆ ಡ್ರೈವರ್ ತರುತ್ತಾನಂತೆ. ನನ್ನವು ಹೊಸವು. ಯಾರಿಗೂ ಕಾಣದ ಹಾಗೆ ಸುಶೀಲಳ ಕೈಚೀಲಕ್ಕೆ ತುರುಕಿದೆ. ಅದರಲ್ಲಿ ಅವಳು ಚಕ್ಕುಲಿ ಇಟ್ಟುಕೊಂಡಿದ್ದಳೆಂದು ನನಗೇನು ಗೊತ್ತು? ಎರಡನೆಯದು ಮರಳು. ಸಮುದ್ರದ ದಂಡೆಯಲ್ಲಿ ಮರಳುಗುಡ್ಡ ಇದ್ದರೆ ಒಪ್ಪೋಣ. ಸಮುದ್ರ ಎಲ್ಲಿ ಎಂದು ಆ ಪುಟ್ಟ ಹುಡುಗಿ ಕೇಳಿದಾಗ ನನಗೆ ನ್ಯಾಯವೆನಿಸಿತು. ಹೊಳೆಯೊಂದನ್ನು ಪಕ್ಕಕ್ಕಿಟ್ಟುಕೊಂಡು, ದೇವಸ್ಥಾನಗಳು ಹೂತುಹೋಗುವಷ್ಟು ಮರಳು ಬಂದಿದ್ದು ಎಲ್ಲಿಂದ?

ಮಾದೇಶ ಹಳೆಯ ಶಾಪದ ಕತೆಯನ್ನು ರೋಮ ನಿಮಿರುವ ಹಾಗೆ ಹೇಳಿದ. ಹೇಳಿ ಮುಗಿಸಿ, ಇದೆಲ್ಲ ಗಾಳಿಯದೂ ಹೊಳೆಯದೂ ಕೆಲಸ ಎಂದು ಓದಿದವರು ಹೇಳುತ್ತಾರೆ, ನಿಮಗೆ ಯಾವುದು ಹಿಡಿಸುತ್ತದೋ ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಒಂದೇ ಪ್ರಶ್ನೆಗೆ ಎರಡು ಉತ್ತರ ಇಟ್ಟುಕೊಂಡವನು ನಾಳೆ ನನ್ನ ಮಗಳಿಗೂ ಹೀಗೇ ಎರಡೆರಡು ಉತ್ತರ ಕೊಟ್ಟರೆ?

ಅದೂ ಅಲ್ಲದೆ ಮರಳಿನ ವಿಷಯದಲ್ಲಿ ನಮ್ಮ ಜಿಲ್ಲೆಯವರನ್ನು ಯಾರೂ ಏಮಾರಿಸುವುದು ಬೇಡ. ಮಾಗಡಿ ಕಡೆಯಿಂದ ಬಂದ ಲಾರಿಯ ಮರಳು ನಂಬಿ ಮನೆಗೆ ಗಾರೆ ಹಾಕಿಸಿದವನು ನಾನು. ಅದು ಕೆರೆ ಮಣ್ಣು ತೊಳೆದು ಮಾಡಿದ ಫಿಲ್ಟರ್ ಮರಳು. ಗೋಡೆಗೆ ಮೊಳೆ ಹೊಡೆದರೆ ಮೊಳೆಯ ಜೊತೆ ಗೋಡೆಯೂ ಬರುತ್ತದೆ. ಪ್ರವಾಸಿಗರಿಗೆಂದು ಇಲ್ಲಿಯೂ ನಾಲ್ಕು ಲಾರಿ ಮರಳು ಸುರಿಸಿರಬಾರದೇಕೆ ಎಂದು ಒಂದು ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಎಲ್ಲರೂ ಮುಂದೆ ಹೋದರು. ನಾನು ಹಿಂದೆ ಉಳಿದೆ. ನೀಲಗಿರಿ ಮರದ ನೆರಳಿನಲ್ಲಿ, ಅತ್ತ ಇತ್ತ ನೋಡಿ, ಮಂಡಿಯೂರಿ ಕೂತೆ. ತೋಳು ಮೇಲೆ ಮಡಿಸಿ ಮರಳಿನೊಳಗೆ ಮೊಣಕೈವರೆಗೆ ಕೈ ಇಳಿಸಿದೆ. ಮೇಲೆ ಬೆಚ್ಚಗಿತ್ತು, ಕೆಳಗೆ ತಣ್ಣಗೆ. ತಳದಿಂದ ಒಂದು ಹಿಡಿ ಎತ್ತಿದೆ. ಅಂಗೈಯಲ್ಲಿ ಉಜ್ಜಿದರೆ ಮಣ್ಣು ಅಂಟಲಿಲ್ಲ. ಅಷ್ಟಕ್ಕೇ ಎದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವಿರಲಿಲ್ಲ. ನನ್ನ ಹಾಳು ಕೈ, ತನ್ನ ಪಾಡಿಗೆ ತಾನು ಮೇಲೆ ಹೋಗಿ, ಆ ಹಿಡಿ ಮರಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿತು.

‘ಮೇಷ್ಟ್ರೇ, ಗಲಗಲ ಅಂತೈತಾ?’

ಹಿಂದೆ ಚಿಕ್ಕತಾಯಮ್ಮ ನಿಂತಿದ್ದರು. ತಲೆಯ ಮೇಲೆ ನೀರಿನ ಕ್ಯಾನು. ನನ್ನ ಬೆರಳ ಸಂದಿಯಿಂದ ಮರಳು ಸುರಿಯುತ್ತಿತ್ತು.

‘ಮದ್ವೆ ಆದಾಗಿಂದ ಗೂಡು ತಗಂಡು ರಾಮನಗರಕ್ಕೆ ಬತ್ತಾ ಇವ್ನಿ’ ಎಂದರು ಆಕೆ, ಸಿಟ್ಟಿಲ್ಲದೆ. ‘ಹಿಂಗೆ ಕೈ ಇಕ್ಕಿ ಹಿಂಗೆ ಕಿವಿಗೆ ಹಿಡ್ಯೋರು ಯಾರು ಅಂತ ನಂಗೊತ್ತಿಲ್ವಾ? ಮಾದೇಸ ಹೇಳಿದ್ದ, ಹುಡ್ಗಿ ಅಪ್ಪ ರೀಲರ್ ಅಂತ. ನೀವೇ ಅಲ್ವಾ?’

ನಾನು ಹೂಂ ಎಂದೆ. ಇನ್ನೇನು ಹೇಳಲಿ? ಮಾರುವೇಷದ ರಾಜ ಮರಳಿನಲ್ಲಿ ಮಂಡಿಯೂರಿ ಕೂತಿದ್ದ.

‘ನನ್ ಮಗನ್ನ ತಳಗಂಟ ನೋಡಿ, ಬ್ಯಾಡ ಅನ್ನಕ್ಕಿಲ್ಲ. ಹೆಣ್ಣು ಕೊಡೋರು ನೋಡ್ದೆ ಕೊಟ್ಟಾರಾ? ಆದ್ರೆ ಮೇಲೊಂದು ತಳದಲ್ಲೊಂದು ಇಕ್ಕಂಡು ಬಂದೋರು ಯಾರು, ನೀವೇ ಹೇಳಿ.’ ಕ್ಯಾನನ್ನು ಸರಿಮಾಡಿಕೊಂಡರು. ‘ಇನ್ನು ನಾನೂವೆ ಒಸಿ ನೋಡ್ಬೇಕಾಯ್ತದೆ. ಬರೋ ವಾರ ನಿಮ್ಮನೆಗೆ ಬತ್ತೀನಿ. ನಾನೇ ಅಂತ ಹೇಳ್ಕಂಡೇ ಬತ್ತೀನಿ. ನೋಡಾದ್ಮೇಲೆ ಮುಂದಿನ ಮಾತು.’

ಮಗನಿಗೆ ಸದ್ಯಕ್ಕೆ ಏನೂ ಹೇಳುವುದಿಲ್ಲ ಎಂದೂ ಸೇರಿಸಿ ಮುಂದೆ ನಡೆದರು. ಆ ಮರಳಿನಲ್ಲಿ ಅವರ ಹಿಂದೆ ಬರಿಗಾಲಲ್ಲಿ ನಡೆಯುವಾಗ ನನ್ನ ಅಂಗಾಲು ಚುರ್ರೆಂದಿತು. ಚಪ್ಪಲಿ ಮುಂದೆ ಹೋದ ಸುಶೀಲಳ ಕೈಚೀಲದಲ್ಲೇ ಇತ್ತು, ಕೇಳಿ ಹಾಕಿಕೊಳ್ಳುವ ಮುಖವಿರಲಿಲ್ಲ. ಇನ್ನೊಂದು ಬಾಗಿಲಲ್ಲಿ ಎಲ್ಲರ ಚಪ್ಪಲಿಗಳೂ ಜೋಡಿ ಜೋಡಿಯಾಗಿ ಕಾದಿದ್ದವು. ಮಾದೇಶ ಮೇಷ್ಟ್ರ ಚಪ್ಪಲಿ ಕಾಣೆಯಾಗಿದೆಯೆಂದು ಗಾಬರಿಯಾಗಿ ಗಾಡಿಯನ್ನೆಲ್ಲ ಹುಡುಕಿಸಿದ. ಸಿಗದೆ ಹೋದಾಗ ತನ್ನವನ್ನೇ ಬಿಚ್ಚಿ ನನ್ನ ಮುಂದಿಟ್ಟ. ಸುಶೀಲ ಚೀಲ ತೆರೆದು, ಚಕ್ಕುಲಿ ಪುಡಿ ಮೆತ್ತಿದ ನನ್ನ ಚಪ್ಪಲಿಯನ್ನು ಎಲ್ಲರ ಎದುರಿಗೆ ಕೆಳಗೆ ಹಾಕಿದಳು.

ಹೊಳೆದಂಡೆಯಲ್ಲಿ ಊಟ. ಚಿಕ್ಕತಾಯಮ್ಮ ನನಗೆ ಎಲ್ಲರಿಗಿಂತ ದೊಡ್ಡ ಮುದ್ದೆ ಇಕ್ಕಿದರು. ಅದನ್ನು ನುಂಗುತ್ತಾ ಮಾದೇಶನನ್ನು ನೋಡಿದೆ. ಎಲ್ಲರದೂ ಆದ ಮೇಲೆ ಅವನು ಮರದ ಹಿಂದೆ ಕೂತು, ಪಾತ್ರೆಯ ತಳಕ್ಕೆ ಹತ್ತಿದ್ದ ಸೊಪ್ಪಿನ ಸಾರನ್ನು ಸೌಟಿನಿಂದ ಕೆರೆದು ತಾಯಿಯ ತಟ್ಟೆಗೆ ಅರ್ಧ, ತನ್ನ ತಟ್ಟೆಗೆ ಅರ್ಧ ಹಾಕಿಕೊಂಡ. ಯಾರೋ ನೋಡುತ್ತಿದ್ದಾರೆಂಬ ಗುಮಾನಿಯೇ ಅವನಿಗಿರಲಿಲ್ಲ. ಇವನು ನನಗೆ ಬೇಕು ಎನಿಸಿತು. ಹಾಗೆ ಅನಿಸಿದ್ದೇ ತಡ, ಇನ್ನೊಂದು ಅನುಮಾನ ಎದ್ದಿತು. ಈಗ ಚಿಕ್ಕತಾಯಮ್ಮನೇ ಬೇಡ ಎಂದರೆ? ಹುಡುಗನ ತಳ ನೋಡಲು ಹೋಗಿ ಮಗಳ ಬಾಳಿಗೆ ಕಲ್ಲು ಹಾಕಿದೆನೇ ಎಂದು ಊರು ಮುಟ್ಟುವವರೆಗೂ ಕುದಿದೆ. ಶ್ವೇತ ಬಾಗಿಲಲ್ಲೇ ನಿಂತಿದ್ದಳು. ಹುಡುಗ ಚೆನ್ನಾಗಿದ್ದಾನೆ ಎಂದೆ. ಮತ್ತೆ ಯಾಕೆ ಮುಖ ಹೀಗಿದೆ ಎಂದು ಅವಳಿಗೆ ಅನುಮಾನ. ನನ್ನ ಮಗಳೇ ಅಲ್ಲವೇ?

ಆ ವಾರವೆಲ್ಲ ಮನೆಗೆ ಸುಣ್ಣಬಣ್ಣ ಬಳಿಸಿದೆ. ಅಲುಗಾಡುವ ಮೊಳೆಗಳ ಮೇಲೆ ಕ್ಯಾಲೆಂಡರ್ ನೇತುಹಾಕಿದೆ. ಶನಿವಾರ ಚಿಕ್ಕತಾಯಮ್ಮ ಹೇಳಿದಂತೆ ಹೇಳಿಕೊಂಡೇ ಬಂದರು. ಬೀದಿಯ ತುದಿಯಿಂದಲೇ, ತಾನು ದೊಡ್ಡಆಲಹಳ್ಳಿಯ ಮಾದೇಶನ ತಾಯಿ, ಹೆಣ್ಣಿನ ಮನೆ ನೋಡಲು ಬಂದಿದ್ದೇನೆ ಎಂದು ಸಿಕ್ಕವರಿಗೆಲ್ಲ ಹೇಳಿ ನಮ್ಮ ಮನೆಯ ದಾರಿ ಕೇಳಿದ್ದರು. ನಾನು ಹಾಕಿದ ಕುರ್ಚಿಯ ಮೇಲೆ ಕೂರಲಿಲ್ಲ. ಬಣ್ಣದ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ, ಮೂಲೆಯಲ್ಲಿದ್ದ ರಾಗಿ ಡ್ರಮ್ಮಿನ ಮುಚ್ಚಳ ತೆಗೆದರು. ಬಳೆ ಹಿಂದಕ್ಕೆ ಸರಿಸಿ, ಮೊಣಕೈ ದಾಟಿ ತೋಳಿನವರೆಗೆ ಕೈ ಇಳಿಸಿದರು.

ನಾನು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೆ. ಊರವರ ರಾಶಿಯ ತಳವನ್ನೆಲ್ಲ ತಡಕಿದವನು, ನಮ್ಮ ಮನೆಯ ಈ ಡ್ರಮ್ಮಿನ ತಳವನ್ನು ಒಂದು ದಿನವೂ ನೋಡಿರಲಿಲ್ಲ. ಹಳೆಯ ರಾಗಿಯ ಮೇಲೆ ಹೊಸ ರಾಗಿ ಸುರಿಯುತ್ತಲೇ ಬಂದಿದ್ದೆವು. ಸುಶೀಲ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ. ಶ್ವೇತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು.

ಆಕೆ ತಳದಿಂದ ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದರು. ಮೂಸಿದರು. ಅಂಗೈಯಲ್ಲಿ ಏನೋ ಹರಿದಾಡಿತು. ಉಫ್ ಎಂದು ಊದಿ ಅದನ್ನು ಹಾರಿಸಿ, ರಾಗಿಯನ್ನು ತಿರುಗಿ ಡ್ರಮ್ಮಿಗೇ ಸುರಿದು ಮುಚ್ಚಳ ಹಾಕಿದರು.

‘ಒಸಿ ಹುಳ ಐತೆ’ ಎಂದರು.

‘ಇರ್ಲಿ ಬುಡಿ, ನಮ್ಮನೇಲೂ ಐತೆ’ ಎಂದು ಸೆರಗಿಗೆ ಕೈ ಒರೆಸಿಕೊಂಡು, ಶ್ವೇತಳಿಗೆ ಕಾಫಿ ತರಲು ಹೇಳಿ, ಅಲ್ಲೇ ಡ್ರಮ್ಮಿನ ಪಕ್ಕದಲ್ಲಿ ನೆಲದ ಮೇಲೆ ಕೂತರು.