ಮಾವನ ವಾಲ್ವ್ ಸೆಟ್ಟು

ಕೊಟ್ಟೂರಿನಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ. ಮದುವೆಯಿರಲಿ, ಸಭೆಯಿರಲಿ, ಚುನಾವಣೆಯಿರಲಿ, ಸದ್ದು ಮಾಡುವುದೇ ನನ್ನ ಕಸುಬು. ಅಂಥವನನ್ನು ಅಕ್ಕ ತಂಬ್ರಹಳ್ಳಿಗೆ ಕರೆಸಿಕೊಂಡದ್ದು ಸದ್ದು ಅಡಗಿಸುವುದಕ್ಕೆ.

ಅಕ್ಕನ ಗಂಡ, ಅಂದರೆ ನಮ್ಮ ಮಾವ, ಮೂವತ್ತು ವರ್ಷ ಮದುವೆಯ ಆರ್ಕೆಸ್ಟ್ರಾಗಳಲ್ಲಿ ಗಿಟಾರು ನುಡಿಸಿದವರು. ಈಗ ಹೊಲದಿಂದ ಬಂದು ಉಂಡ ಮೇಲೆ ದಿನಾ ಪಡಸಾಲೆಯಲ್ಲಿ ಕೂತು ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವುಗಳ ತಮ್ಮ ಆಂಪ್ಲಿಫೈಯರ್ ಹಚ್ಚುತ್ತಿದ್ದರು. ಅದರ ಗುಣವೇ ವಿಚಿತ್ರ. ಕಡಿಮೆ ಇಟ್ಟರೆ ಸಪ್ಪೆ. ವಾಲ್ಯೂಮಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ಮಾತ್ರ ತಂತಿಯ ದನಿ ಒಡೆದು, ದಪ್ಪಗಾಗಿ, ಅತ್ತು ಮುಗಿಸಿದವರ ಗಂಟಲಿನ ಹಾಗೆ ಬರುತ್ತದೆ. ನನ್ನ ಅಂಗಡಿಯ ಹೊಸ ಸೆಟ್ಟುಗಳಲ್ಲಿ ಆ ದನಿ ಹುಡುಕಿ ಹುಡುಕಿ ನನಗೆ ಸಾಕಾಗಿದೆ.

ಆದರೆ ಆ ದನಿಗೆ ಮಾವನ ಎಡಗಿವಿ ಹೋಗಿತ್ತು. ಬಲಗಿವಿಯನ್ನಾದರೂ ಉಳಿಸಿಕೊಳ್ಳಿ, ಸದ್ದಿನಿಂದ ದೂರ ಇರಿ ಎಂದು ದಾವಣಗೆರೆಯ ಡಾಕ್ಟರು ಹೇಳಿ ಕಳಿಸಿದ್ದರು. ಮಾವ ಊರಿಗೆ ಬಂದವರೇ ಕಿವಿಗೆ ಹತ್ತಿ ತುರುಕಿಕೊಂಡು ಮತ್ತೆ ಗುಂಡಿ ತಿರುಗಿಸಿದ್ದರು. ಹತ್ತಿಗೆ ಆ ಸದ್ದು ನಿಲ್ಲುವುದುಂಟೇ! ಡಾಕ್ಟರಿಗೆ ಕೊಟ್ಟ ಮರ್ಯಾದೆ ಅಷ್ಟೇ.

ಅಡುಗೆಮನೆಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಹೇಳಿ ಹೇಳಿ ಸಾಕಾಗೇತಿ ತಮ್ಮಾ. ಅದನ್ನ ಕೆಡಿಸಿಬಿಡು. ರಿಪೇರಿ ಆಗಬಾರ್ದು, ಹಂಗ ಕೆಡಿಸು. ನಾಳಿ ನನ್ನ ಮಾತ ಕೇಳಿಸಂಗಿಲ್ಲಂದ್ರ ಅವರ ಜೋಡಿ ಹೆಂಗ ಬಾಳೇವು ಮಾಡ್ಲಿ?"

ಕೆಡಿಸುವುದು ನನಗೆ ಕಷ್ಟದ ಕೆಲಸವಲ್ಲ. ಸದ್ದು ನಿಲ್ಲಿಸಬೇಕೆಂದರೆ ನಾವು ಮೈಕ್ ಸೆಟ್ಟಿನವರು ಸ್ಪೀಕರಿನ ವೈರು ಕಿತ್ತುಬಿಡುತ್ತೇವೆ. ಈಗಿನ ಸೆಟ್ಟುಗಳಿಗೆ ಅದರಿಂದ ಏನೂ ಆಗುವುದಿಲ್ಲ. ವಾಲ್ವ್ ಸೆಟ್ಟಿಗೆ ಹಾಗೆ ಮಾಡಿ ಪೂರ್ತಿ ವಾಲ್ಯೂಮಿನಲ್ಲಿ ನುಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಇದನ್ನೆಲ್ಲ ನನಗೆ ಕಲಿಸಿದವರೇ ಮಾವ.

ರಾತ್ರಿ ಉಂಡೆದ್ದು ಅವರು ಕೈ ತೊಳೆಯಲು ಹೋದಾಗ ಸೆಟ್ಟಿನ ಹಿಂದೆ ಕೈ ಹಾಕಿ ಸ್ಪೀಕರ್ ಬಾಕ್ಸಿನ ವೈರು ಎಳೆದುಬಿಟ್ಟೆ. ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದುಕೊಂಡರೂ ನಾಚಿಕೆ ಬಿಡಲಿಲ್ಲ.

ಮಾವ ಬಂದು ಸ್ವಿಚ್ ಹಾಕಿದರು. ವಾಲ್ವುಗಳು ಕೆಂಪಗೆ ಕಾಯುವವರೆಗೆ ಸುಮ್ಮನೆ ಕೂತರು. ಆಮೇಲೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಗಿಟಾರಿನ ಮೇಲೆ ಕೈ ಎತ್ತಿದರು. ನನ್ನಿಂದ ತಡೆಯಲಾಗಲಿಲ್ಲ. "ಮಾವಾ, ನಿಲ್ರಿ!" ಎಂದು ಕೂಗಿದೆ. ಅವರಿಗೆ ಕೇಳಿಸಲೇ ಇಲ್ಲ. ಓಡಿಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತೆ.

ಮಾವ ಜೋತುಬಿದ್ದ ವೈರು ನೋಡಿದರು, ನನ್ನನ್ನು ನೋಡಿದರು.

"ನಿಮ್ಮಕ್ಕ ಹೇಳಿದ್ಲೇನು?"

ತಲೆಯಾಡಿಸಿದೆ. ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಕಿವಿಯ ಹತ್ತಿ ತೆಗೆದು ಬೆರಳಲ್ಲಿ ಉಂಡೆ ಮಾಡುತ್ತಾ, "ನನಗೂ ಅಂಜಿಕಿ ಐತಿ ತಮ್ಮಾ," ಎಂದರು. "ಆದ್ರ ಸಣ್ಣಗ ನುಡಿಸಿದ್ರ ಇದು ನನ್ನ ಗಿಟಾರು ಅನ್ನಸಂಗೇ ಇಲ್ಲ. ಏನ್ ಮಾಡ್ಲಿ ಹೇಳು?"

ಹಟಮಾರಿ ಮುದುಕ ಎಂದುಕೊಂಡು ಬಂದಿದ್ದೆ. ಕಂಡದ್ದು ಅಂಜಿ ಕೂತ ಮನುಷ್ಯ. ಅಯ್ಯೋ ಅನ್ನಿಸಿತು.

ಮರುದಿನ ಅಂಗಡಿಯಿಂದ ದಪ್ಪ ವೈರಿನ ಸುರುಳಿ ತಂದೆ. ಹಿತ್ತಲಿನಾಚೆ ಅವರ ಮೆಕ್ಕೆಜೋಳದ ಗೋಡೌನಿದೆ. ಸ್ಪೀಕರ್ ಬಾಕ್ಸನ್ನು ಅದರೊಳಗೆ ಚೀಲಗಳ ನಡುವೆ ಇಟ್ಟು, ವೈರನ್ನು ಹಿತ್ತಲ ಬೇವಿನ ಮರದ ಕಟ್ಟೆಯವರೆಗೆ ಎಳೆದೆ. ಕಟ್ಟೆಯ ಮೇಲೆ ಮಾವ. ಪಕ್ಕದಲ್ಲಿ, ಸುತ್ತ ಗಾಳಿಯಾಡುವಂತೆ, ಆಂಪ್ಲಿಫೈಯರು. ನಮ್ಮ ಕಡೆಯ ಕರೆಂಟು ಹೇಗೆ ಏರಿಳಿಯುತ್ತದೆಂದು ಗೊತ್ತಲ್ಲ, ಅದಕ್ಕೊಂದು ಸ್ಟೆಬಿಲೈಸರು. ಗೋಡೌನಿನ ಬಾಗಿಲು ಮುಚ್ಚದೆ ನುಡಿಸುವಂತಿಲ್ಲ, ಅರ್ಧ ಗಂಟೆ ಮೀರುವಂತಿಲ್ಲ ಎಂದು ಅಕ್ಕ ಕಾನೂನು ಮಾಡಿದಳು. ಸೆಟ್ಟು ಹಚ್ಚಿದ್ದಾಗ ಒಳಗೆ ಹೋಗಲೇಬೇಕಾದರೆ ಇರಲಿ ಎಂದು ಬೋರ್‌ವೆಲ್ ಲಾರಿಯವರನ್ನು ಕೇಳಿ ಕಿವಿಗೆ ಹಾಕುವ ದಪ್ಪ ಮುಚ್ಚಳವನ್ನೂ ತಂದುಕೊಟ್ಟೆ.

ವೈರು ಸರಿಯಾಗಿದೆಯೇ ಎಂದು ಮಾವ ಮೂರು ಸಲ ನೋಡಿದರು. ನನ್ನ ಮೇಲಿನ ನಂಬಿಕೆ ಅಷ್ಟಿತ್ತು!

ಆಮೇಲೆ ಪೂರ್ತಿ ವಾಲ್ಯೂಮಿನಲ್ಲಿ ನುಡಿಸಿದರು. ಚೀಲ, ಬಾಗಿಲು ದಾಟಿ ಕಟ್ಟೆಗೆ ಬರುವಷ್ಟರಲ್ಲಿ ಅಬ್ಬರ ಇಳಿದಿತ್ತು; ಆ ಒಡೆದ ದನಿ ಮಾತ್ರ ಉಳಿದಿತ್ತು. ಮದುವೆಯಾದಾಗಿನಿಂದ ಕಿವಿ ಮುಚ್ಚಿಕೊಂಡೇ ಬದುಕಿದ ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದಳು. ನುಡಿಸಿ ಮುಗಿದ ಮೇಲೆ ಮಾವನ ಬೆನ್ನ ಹಿಂದಿನಿಂದ, ಮೆಲ್ಲಗೆ, "ಭಾಳ ಚಲೋ ಐತ್ರಿ," ಎಂದಳು.

ಮಾವ ತಿರುಗಲಿಲ್ಲ. "ಏನಂದಿ?"

ಬಲಗಿವಿಯೂ ಹೋಯಿತೇ ಎಂದುಕೊಂಡೆ. ಅಕ್ಕ ಅವರ ಮುಂದೆ ಬಂದು ನಿಂತು, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು.

"ಮೊದಲನೇ ಸಲಾನೇ ಕೇಳಿಸ್ತು ಬಿಡು," ಎಂದರು ಮಾವ. "ಇಷ್ಟು ವರ್ಷಕ್ಕ ಅಂದಿ, ಇನ್ನೊಮ್ಮಿ ಕೇಳೂಣಂತ ಕೇಳಿದೆ."