ರಕ್ತಕ್ಕೆ ಮೂರು ಸ್ಟಾರ್

‘ಮೂರು ಸ್ಟಾರ್ ಬಂದಾವ್ ನೋಡ್ರಿ ಸರ್. ಶುಗರಿಗೆ ಒಂದೂ ಬಂದಿಲ್ಲ, ಅದೊಂದು ಫೇಲ್.’

ಹೀಗಂದವರು ಶರಣಪ್ಪ. ಯಾದಗಿರಿ ಕಡೆಯವರು. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಲೇತ್ ಆಪರೇಟರ್, ನಮ್ಮ ಪಕ್ಕದ ಬಾಡಿಗೆ ರೂಮಿನಲ್ಲಿದ್ದಾರೆ. ಫ್ಯಾಕ್ಟರಿಯವರು ಮಾಡಿಸಿದ ವಾರ್ಷಿಕ ಆರೋಗ್ಯ ತಪಾಸಣೆಯ ರಿಪೋರ್ಟ್ ಅವರ ಮೊಬೈಲಿಗೆ ಬಂದಿತ್ತು. ಫ್ಯಾಕ್ಟರಿಯಲ್ಲಿ ಒಳ್ಳೆಯ ಕೆಲಸಗಾರರ ಹೆಸರಿನ ಮುಂದೆ ನೋಟಿಸ್ ಬೋರ್ಡಿನಲ್ಲಿ ಸ್ಟಾರ್ ಹಾಕುತ್ತಾರಂತೆ. ಲ್ಯಾಬಿನವರೂ ಹಾಗೇ ಹಾಕಿದ್ದಾರೆ ಎಂದುಕೊಂಡಿದ್ದರು.

ನಾನು ನಕ್ಕೆ. (ನಕ್ಕದ್ದು ಮಾತ್ರ ಚೆನ್ನಾಗಿ ನೆನಪಿದೆ.)

‘ಸ್ಟಾರ್ ಅಂದ್ರೆ ನಾರ್ಮಲ್ ಇಲ್ಲ ಅಂತ, ಶರಣಪ್ಪ. ರಕ್ತ ಕಮ್ಮಿ ಇದೆ.’

ಹಿಮೋಗ್ಲೋಬಿನ್ ಎಂಟೂವರೆ, ಗಂಡಸರಿಗೆ ಹದಿಮೂರಾದರೂ ಇರಬೇಕು. ಸರಿಯಾಗಿ ಊಟ ಮಾಡುವುದಿಲ್ಲ ಎಂದುಕೊಂಡೆ. ಒಂದೂವರೆ ಲಕ್ಷವಾದರೂ ಇರಬೇಕಾದ ಪ್ಲೇಟ್‌ಲೆಟ್ ಅರವತ್ತು ಸಾವಿರ. ಯಾವುದೋ ವೈರಲ್ ಜ್ವರ ಬಂದು ಹೋಗಿರಬೇಕು. ಬಿಳಿ ರಕ್ತಕಣವೂ ಕಮ್ಮಿ. ಅದಕ್ಕೂ ಏನೋ ಒಂದು ಕಾರಣ ಹೊಳೆದಿರಬೇಕು. ಒಂದೊಂದನ್ನೇ ನೋಡಿದರೆ ಒಂದೊಂದಕ್ಕೂ ಸಮಾಧಾನ ಸಿಗುತ್ತದೆ, ನೋಡಿ.

ಮೂರೂ ಒಟ್ಟಿಗೆ ಇಳಿದರೆ ರಕ್ತಕಣ ತಯಾರಿಸುವ ಮೂಳೆ ಮಜ್ಜೆಯೇ ಸೋತಿರಬಹುದು, ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಇದು ನನಗೆ ತಿಳಿದದ್ದು ಎರಡು ತಿಂಗಳ ನಂತರ, ಆಸ್ಪತ್ರೆಯ ಕಾರಿಡಾರಿನಲ್ಲಿ. ಹಲ್ಲುಜ್ಜುವಾಗ ಶುರುವಾದ ರಕ್ತ ನಿಲ್ಲದೆ ಶರಣಪ್ಪನವರನ್ನು ಅಡ್ಮಿಟ್ ಮಾಡಿದ್ದರು.

ಅವರ ಹೆಂಡತಿ ಮಹಾದೇವಿಗೆ ಹೇಳಿದೆ, ‘ಡಾಕ್ಟರಿಗೆ ತೋರ್ಸಿ ಅಂತ ಆವತ್ತೇ ಹೇಳಿದ್ನಲ್ಲಮ್ಮ.’

‘ಇಲ್ರಿ ಸರ್. ಬೀಟ್‌ರೂಟ್ ತಿನ್ರಿ, ಎಲ್ಲಾ ಸರಿ ಹೋಗ್ತದ ಅಂದ್ರಿ.’

ದೂರಿನ ದನಿಯಲ್ಲ. ಮರೆತದ್ದನ್ನು ನೆನಪಿಸುವಂತೆ ಹೇಳಿದರು, ಅಷ್ಟೆ.

ಯಾರ ನೆನಪು ನಿಜ? ‘ಡಾಕ್ಟರ್’ ಎಂದ ನನ್ನ ದನಿ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಆ ಎರಡು ತಿಂಗಳೂ ಬೆಳಿಗ್ಗೆ ಮಹಾದೇವಿ ನಲ್ಲಿಯ ಬಳಿ ಕೂತು ಬೀಟ್‌ರೂಟ್ ತುರಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಯಾರ ಮಾತು ಕೇಳಿ ತುರಿಯುತ್ತಿದ್ದರು? ನಾನಲ್ಲದೆ ಅವರಿಗೆ ಇಂಗ್ಲಿಷ್ ಓದಿ ಹೇಳುವವರು ಇಲ್ಲಿ ಯಾರಿದ್ದಾರೆ?

ಶರಣಪ್ಪನವರಿಗೆ ಕಸಿ ಮಾಡಲು ಅವರ ತಮ್ಮನ ಮಜ್ಜೆ ಹೊಂದುತ್ತದೇನೋ ಎಂದು ಪರೀಕ್ಷಿಸಿದರು. ಹೊಂದಲಿಲ್ಲ. ಬೇರೆ ಔಷಧಿ ಕೊಡುತ್ತಿದ್ದಾರೆ. ರಕ್ತಕಣಗಳ ಎಣಿಕೆ ಇಳಿಯುತ್ತಲೇ ಇದೆ. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗಿಲ್ಲ.

ನಿನ್ನೆ ಶರಣಪ್ಪ ಹಾಸಿಗೆಯಿಂದಲೇ ಹೊಸ ರಿಪೋರ್ಟ್ ಚಾಚಿದರು. ‘ಡಾಕ್ಟರು ಏನೋ ಇಂಗ್ಲಿಷ್‌ನ್ಯಾಗ ಹೇಳಿ ಹೋದ್ರು. ನೀವ ಓದಿ ಹೇಳ್ರಿ ಸರ್, ನೀವು ಎಂ.ಎ. ಮಾಡಿದವ್ರು.’

‘ನನಗೆ ಗೊತ್ತಿಲ್ಲ’ ಎನ್ನುವುದನ್ನು ಕಲಿಯಲು ಇನ್ನೂ ಎಷ್ಟು ಓದಬೇಕು?